ಅರಿಶಿನದ ಹೊಗೆ ನೋಡಿ ಇಳಿದದ್ದು

ಪ್ಯಾರಾಚೂಟ್ ಜಿಗಿತದ ವಿಡಿಯೊ ತೆಗೆಯುವವನು ತನ್ನ ವಿಡಿಯೊದಲ್ಲಿ ಎಲ್ಲೂ ಇರುವುದಿಲ್ಲ. ಚಾಮರಾಜನಗರದ ನಮ್ಮ ಮನೆಯಲ್ಲಿ ಇದನ್ನು ಯಾರೂ ಒಪ್ಪಲೇ ಇಲ್ಲ. ಟಿ.ವಿ.ಗೆ ವೈರು ಸಿಕ್ಕಿಸಿ ಟೇಪು ಹಾಕಿದಾಗಲೆಲ್ಲ ಅಮ್ಮಿ ಉರ್ದುವಿನಲ್ಲಿ, ಇದರಲ್ಲಿ ನೀನೆಲ್ಲಿ ಎಂದು ಕೇಳುತ್ತಿದ್ದರು. ನೋಡುತ್ತಾ ಇರುವವನೇ ನಾನು ಎಂದರೆ, ಬರೀ ನೋಡೋದಕ್ಕೆ ಅಷ್ಟು ಮೇಲಕ್ಕೆ ಹೋಗಬೇಕಾ ಎನ್ನುತ್ತಿದ್ದರು. ನನ್ನ ತಂದೆ, ಅಬ್ಬಾ, ಟೈಲರ್. ಅವರು ಇಂಥ ಪ್ರಶ್ನೆ ಕೇಳದೆ ನನ್ನ ಜಿಗಿತದ ಅಂಗಿಗೆ ಕಂಕುಳಿಂದ ಸೊಂಟದವರೆಗೆ ಬಟ್ಟೆಯ ರೆಕ್ಕೆ ಹೊಲಿದುಕೊಟ್ಟರು. ತೋಳು ಚಾಚಿದರೆ ರೆಕ್ಕೆಗೆ ಗಾಳಿ ತುಂಬಿ ನಾನು ನಿಧಾನವಾಗಿ ಬೀಳುತ್ತಿದ್ದೆ, ಮಡಚಿದರೆ ಬೇಗ. ಮುಂದೆ ಬೀಳುತ್ತಿರುವವನ ಮುಖಕ್ಕೆ ಸರಿಸಮನಾಗಿ ಇರಬೇಕಾದರೆ ಇದು ಬೇಕು. ಮದುವೆ ಶೇರ್ವಾನಿಗಳ ರಾಶಿಯ ನಡುವೆ ಕೂತು ಅಬ್ಬಾ ಅದಕ್ಕೆ ಮೂರು ಸಲ ಅಳತೆ ತೆಗೆದಿದ್ದರು.

ಎರಡು ಸಾವಿರದ ದಶಕದ ಮೊದಲ ವರ್ಷಗಳನ್ನು ನಾನು ಗಲ್ಫಿನಲ್ಲಿ ಕಳೆದೆ. ಹೋದದ್ದು ಮದುವೆ ವಿಡಿಯೊ ಎಡಿಟ್ ಮಾಡಲು. ಆ ಕೆಲಸ ಕೈಕೊಟ್ಟಿತು. ಮರಳುಗಾಡಿನ ಅಂಚಿನಲ್ಲಿದ್ದ ಒಂದು ಜಿಗಿತದ ಕೇಂದ್ರದಲ್ಲಿ ಪ್ಯಾರಾಚೂಟ್ ಮಡಚುವವನಾಗಿ ಸೇರಿಕೊಂಡೆ. ಮಡಚಿ ಮಡಚಿ ಬೇಸರವಾಗಿ ಒಂದು ದಿನ ಜಿಗಿದೆ. ಆಮೇಲೆ ಎಣಿಸುವುದನ್ನೇ ಬಿಟ್ಟಷ್ಟು ಸಲ ಜಿಗಿದೆ. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಟ್ಟರು. ತಲೆ ಎತ್ತ ತಿರುಗುತ್ತದೋ ಕ್ಯಾಮೆರಾ ಅತ್ತ. ಕೈಯಲ್ಲಿ ಹಿಡಿದ ಕ್ಯಾಮೆರಾ ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಇರಬಹುದು. ಇದರಲ್ಲಿ ಆ ಮೋಸ ನಡೆಯುವುದಿಲ್ಲ. ಊರಿಗೆ ಮರಳಿ ಗುಂಡ್ಲುಪೇಟೆಯಲ್ಲಿ ಒಂದು ಸ್ಟುಡಿಯೊ ಹಾಕಿದೆ. ವಾರದ ದಿನಗಳಲ್ಲಿ ವಯನಾಡಿನ ಕಡೆಯ ಮದುವೆಗಳು, ಭಾನುವಾರ ಮೈಸೂರಿನ ಕಡೆಯಿಂದ ಏಳುವ ಒಂದು ಸಣ್ಣ ವಿಮಾನ.

ಅಲ್ಲೇ ಅವನು ಸಿಕ್ಕಿದ. ಹರವೆಯವನು, ತಲೆಮಾರುಗಳಿಂದ ಹೊಲ ಮಾಡಿಕೊಂಡು ಬಂದ ಶಿವಭಕ್ತರ ಮನೆಯವನು, ಸೈನ್ಯದ ಪ್ಯಾರಾಚೂಟ್ ತಂಡದಲ್ಲಿದ್ದು ನಿವೃತ್ತಿ ಪಡೆದು ಬಂದಿದ್ದ. ಅವನ ಹುಚ್ಚು ಬೇರೆ. ವಿಮಾನದಿಂದ ಬೀಳುವುದು ಅವನಿಗೆ ಬಸ್ಸು ಹತ್ತಿ ಸ್ಟ್ಯಾಂಡಿಗೆ ಹೋದಷ್ಟೇ. ನಿಜವಾದ ಆಟ ಪ್ಯಾರಾಚೂಟ್ ಬಿಚ್ಚಿದ ಮೇಲೆ. ಅವನ ಚೂಟು ಚಿಕ್ಕದು, ನನ್ನದರ ಅರ್ಧ. ನೆಲ ಹತ್ತಿರವಾದಾಗ ಅದನ್ನು ಗಕ್ಕನೆ ತಿರುಗಿಸಿ ಕೆಳಕ್ಕೆ ನುಗ್ಗಿಸುತ್ತಿದ್ದ. ಆ ವೇಗದಲ್ಲೇ ಮೇಲಕ್ಕೆಳೆದು, ಕಾಲಿನ ಬೆರಳು ಹುಲ್ಲಿಗೆ ತಾಗುವಂತೆ ನೂರಾರು ಅಡಿ ತೇಲಿಕೊಂಡು ಹೋಗಿ ನಿಲ್ಲುತ್ತಿದ್ದ. ತಿರುವು ಒಂದು ಸೆಕೆಂಡು ತಡವಾದರೆ ನೆಲವೇ ಬಂದು ಹೊಡೆಯುತ್ತದೆ. ಗಾಳಿಗೆ ಎದುರಾಗಿ ಮಾಡಬೇಕು, ಆಗ ಗಾಳಿಯೇ ವೇಗ ತಡೆಯುತ್ತದೆ. ಗಾಳಿ ಬೆನ್ನಿಗಿದ್ದರೆ ಮಾತ್ರ ಮುಗಿಯಿತು. ನಮ್ಮ ಹಿರಿಯ ತರಬೇತುದಾರರು ಅವನ ಆಟ ನೋಡುವಾಗ ಹಲ್ಲು ಕಚ್ಚಿಕೊಂಡು ನಿಂತಿರುತ್ತಿದ್ದರು.

ಅವನಿಗೆ ಒಂದೇ ಆಸೆ ಇತ್ತು, ತನ್ನ ಅಪ್ಪನ ಹೊಲದಲ್ಲಿ ಹಾಗೆ ಇಳಿಯಬೇಕು ಅಂತ. ಕೊಯ್ಲು ಮುಗಿದು ಹೊಲ ಬಯಲಾಗಿದ್ದ ಮಾಘದ ದಿನಗಳು. ಅನುಮತಿಯ ಕಾಗದಗಳಿಗಾಗಿ ಅಲೆದಾಡಿದ ಕಥೆ ಬೇಡ, ಅಂತೂ ಒಪ್ಪಿಗೆ ಸಿಕ್ಕಿತು. ಹಿಂದಿನ ದಿನ ಜಾಗ ನೋಡಿಕೊಂಡು ಬರುವ ಕೆಲಸ ನನ್ನದು. ಬೈಕಿನಲ್ಲಿ ಹೋದೆ. ಹೊಲದ ಒಂದು ಮೂಲೆಯಲ್ಲಿ ಅರಿಶಿನ ಬೇಯಿಸುವ ದೊಡ್ಡ ಕೊಪ್ಪರಿಗೆ ಇತ್ತು, ಒಲೆ ಆರಿತ್ತು, ಪಕ್ಕದಲ್ಲಿ ನಾಲ್ಕೈದು ತಗಡು ಒರಗಿಸಿದ್ದರು. ನಾಳೆ ಬೇಯಿಸುತ್ತೀರಾ ಎಂದು ಅವನ ಅಪ್ಪನನ್ನು ಕೇಳಿದೆ. ಹೂಂ ಅಂದರು. ನನಗೆ ಅಷ್ಟು ಸಾಕಾಯಿತು.

"ದಿಕ್ಕು ತೋರಿಸೋ ಗಾಳಿಚೀಲ ಕಟ್ಟೋದು ಬೇಡ. ನಿಮ್ಮಪ್ಪ ಅರಿಶಿನ ಬೇಯಿಸ್ತಾರೆ, ಹೊಗೆ ನೋಡ್ಕೊಂಡು ಇಳಿಯೋಣ" ಅಂದೆ.

"ಸರಿ ಬುಡು. ನೀನ್ ನೋಡ್ಕಂಡ್ ಬಂದಿದ್ದೀಯಲ್ಲ, ಇನ್ನೇನು" ಅಂದ.

ಈ ಎರಡು ಮಾತುಗಳನ್ನು ನಾನು ಆಮೇಲೆ ಎಷ್ಟು ಸಲ ತಿರುವಿ ಹಾಕಿದ್ದೇನೋ. ಅವನ ಅಪ್ಪನ ಹೊಲ, ಅವನು ಹುಟ್ಟಿ ಬೆಳೆದ ಜಾಗ, ಅವನಿಗೆ ಗೊತ್ತಿರದೆ ಇರುತ್ತದೆಯೇ ಎಂದು ನಾನು. ಜಾಗ ನೋಡಿ ಬಂದವನು ನಾನು, ನನಗೆ ತಿಳಿಯದೆ ಇರುತ್ತದೆಯೇ ಎಂದು ಅವನು.

ಬೆಳಿಗ್ಗೆ ಹತ್ತು ಗಂಟೆಗೆ ಜಿಗಿದೆವು. ಮೇಲೆ ಎಲ್ಲವೂ ಚೆನ್ನಾಗಿತ್ತು. ಅವನು ನನ್ನ ಎದುರಿಗೆ ಬೀಳುತ್ತಾ ನಾಲಿಗೆ ಚಾಚಿ ಅಣಕಿಸಿದ, ಅದು ಟೇಪಿನಲ್ಲಿದೆ. ಚೂಟು ಬಿಚ್ಚಿಕೊಂಡವು. ಕೆಳಗೆ ಹೊಲ, ಮೂಲೆಯಲ್ಲಿ ಬಿಳಿ ಹೊಗೆ ಪೂರ್ವಕ್ಕೆ ಬಾಗಿತ್ತು. ಅಂದರೆ ಗಾಳಿ ಪಶ್ಚಿಮದಿಂದ, ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕು. ಇಬ್ಬರೂ ಹಾಗೇ ಮಾಡಿದೆವು. ಅವನು ಮುಂದೆ, ನಾನು ಸ್ವಲ್ಪ ಹಿಂದೆ ಪಕ್ಕಕ್ಕೆ. ಅವನು ಎಂದಿನ ಎತ್ತರದಲ್ಲೇ ತಿರುಗಿಸಿದ. ತಿರುವು ಮುಗಿದಾಗ ಅವನು ಹೋಗುತ್ತಿದ್ದ ವೇಗ ನೋಡಿ ನನಗೆ ಏನೂ ಅರ್ಥವಾಗಲಿಲ್ಲ. ಅವನು ಅಷ್ಟು ಜೋರಾಗಿ ಹೋಗುವುದನ್ನು ನಾನು ಕಂಡಿರಲಿಲ್ಲ. ಹೊಲ ಮುಗಿದು ಬದು ಬಂತು. ಬದುವಿಗೆ ಅವನ ಕಾಲು ಬಡಿಯಿತು, ಮೈ ಆಚೆಗೆ ಉರುಳಿತು. ಅಷ್ಟರಲ್ಲಿ ನಾನೂ ನೆಲಕ್ಕೆ ಬಂದೆ, ಉಳುಮೆಯ ಮಣ್ಣಿನಲ್ಲಿ ಎರಡು ಪಲ್ಟಿ ಹೊಡೆದು ಎದ್ದೆ.

ಎದ್ದವನೇ ಓಡಿದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಹೆಂಟೆಯ ಮೇಲೆ ಕಾಲು ಹೊರಳಿದ್ದು, ಬಾಯಿ ತುಂಬ ಮಣ್ಣು, ಅವನ ಹೆಸರು ಹಿಡಿದು ಕೂಗುತ್ತಾ ಓಡಿದ್ದು.

ಅವನ ಬಲಗಾಲಿನ ಮೂಳೆ ಎರಡು ಕಡೆ ಮುರಿದಿತ್ತು. ಮೈಸೂರಿನ ಆಸ್ಪತ್ರೆಯಲ್ಲಿ ರಾಡು ಹಾಕಿದರು. ತರಬೇತುದಾರರು ಎರಡನೆಯ ದಿನ ಬಂದು, ಮಂಚದ ಪಕ್ಕ ನಿಂತು, ತಿರುವು ತಡಮಾಡಿದ್ದೀಯ, ನಿನಗೆ ಎತ್ತರದ ಅಂದಾಜು ತಪ್ಪುತ್ತಿದೆ, ವಯಸ್ಸಾಯಿತು, ಇನ್ನು ಚಿಕ್ಕ ಚೂಟು ನಿನಗೆ ಕೊಡುವುದಿಲ್ಲ ಎಂದರು. ಅವನು ಕಾಲಿನ ಬಗ್ಗೆ ಒಂದು ಮಾತೂ ಆಡದೆ ಇದಕ್ಕೆ ಅತ್ತ. ಸೈನಿಕ ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಅವರು ಹೋದ ಮೇಲೆ ನನ್ನ ಕೈ ಹಿಡಿದುಕೊಂಡ.

"ನಾನ್ ಲೇಟ್ ಮಾಡ್ನಿಲ್ಲ ಕಣ್ಲಾ. ಟೇಪಲ್ಲಿ ಅದೆ. ಟೇಪ್ ನೋಡ್ದ್ರೆ ಗೊತ್ತಾಯ್ತದೆ."

ಮೂರನೆಯ ದಿನ ಅವನ ಬಟ್ಟೆ ತರಲು ಹರವೆಗೆ ಹೋದೆ. ಅವನ ಅಪ್ಪ ಒಲೆ ಮುಂದೆ ಇದ್ದರು. ಮಗ ಆಸ್ಪತ್ರೆಯಲ್ಲಿದ್ದರೂ ಕಿತ್ತ ಅರಿಶಿನ ಕಾಯುವುದಿಲ್ಲವಲ್ಲ. ಒಲೆಯ ಒಂದು ಮಗ್ಗುಲಿಗೆ ಆ ತಗಡುಗಳನ್ನು ಸಾಲಾಗಿ ನಿಲ್ಲಿಸಿದ್ದರು. ಇದೇಕೆ ಎಂದು ಸುಮ್ಮನೆ ಕೇಳಿದೆ.

"ಗಾಳಿ ಬರ ಕಡೀಕೆ ತಗಡು ನಿಲ್ಲುಸ್ತೀವಿ ಕಣಪ್ಪ. ಇಲ್ದಿದ್ರೆ ಉರಿ ನಿಲ್ಲಕಿಲ್ಲ. ಹೊಗೆ ಮಾತ್ರ ತಗಡ್ ಕಡೀಕೇ ಸುತ್ಕಂಡ್ ಬತ್ತದೆ, ಕಣ್ಣೆಲ್ಲ ಉರಿ" ಎಂದು ಟವಲಿನಿಂದ ಕಣ್ಣು ಒರೆಸಿಕೊಂಡರು.

ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಹೊಗೆ ಗಾಳಿಗೆ ಎದುರಾಗಿ ಬಾಗುತ್ತಿತ್ತು. ಮೇಲೆ ಹೋದಷ್ಟು ಚದುರಿ ಕಾಣದೆ ಹೋಗುತ್ತಿತ್ತು. ನಾವಿಬ್ಬರೂ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ಇಳಿದಿದ್ದೆವು. ಅವನು ಚಿಕ್ಕಂದಿನಲ್ಲಿ ಆ ತಗಡುಗಳನ್ನು ಹೊತ್ತು ನಿಲ್ಲಿಸಿದವನೇ. ಅಷ್ಟು ಮೇಲೆ ಹೋದ ಮೇಲೆ ಅದು ಅವನಿಗೂ ನೆನಪಾಗಲಿಲ್ಲ, ಪೇಟೆಯ ಟೈಲರ್ ಮಗನಾದ ನನಗೆ ಗೊತ್ತೇ ಇರಲಿಲ್ಲ. ತಪ್ಪು ಯಾರದು? ನನ್ನದೇ ಅನ್ನಿಸಿತು. ಆಮೇಲೆ ಇಬ್ಬರದೂ ಅನ್ನಿಸಿತು. ಆಮೇಲೆ, ಅವನ ಮನೆಯ ಒಲೆ ಅವನಿಗೆ ಗೊತ್ತಿರಬೇಕಿತ್ತು ಎಂದು ಸಿಟ್ಟೂ ಬಂತು. ಕಾಲು ಮುರಿದುಕೊಂಡು ಮಲಗಿದವನ ಮೇಲೆ ಸಿಟ್ಟು ಮಾಡಿಕೊಳ್ಳುವ ನಾನು ಎಂಥವನು ಎಂದು ಗೊತ್ತಾಗಲಿಲ್ಲ.

ಅವತ್ತೇ ಮಧ್ಯಾಹ್ನ ಗುಂಡ್ಲುಪೇಟೆಯ ಸ್ಟುಡಿಯೊದ ಬಾಗಿಲು ಎಳೆದುಕೊಂಡು ಟೇಪು ಹಾಕಿದೆ. ತಿರುವು ಸರಿಯಾದ ಎತ್ತರದಲ್ಲೇ ಇತ್ತು. ಆದರೆ ವೇಗ ಗಾಳಿಯಿಂದ ಬಂದದ್ದು ಎಂದು ಅಷ್ಟರಿಂದಲೇ ಸಾಬೀತಾಗುವುದಿಲ್ಲ. ಅದಕ್ಕೆ ಸಾಕ್ಷಿ ಇದ್ದದ್ದು ಅವನು ಬಿದ್ದ ಮೇಲಿನ ದೃಶ್ಯದಲ್ಲಿ. ನೆಲಕ್ಕೆ ಬಿದ್ದ ಅವನ ಚೂಟು ಮತ್ತೆ ಗಾಳಿ ತುಂಬಿಕೊಂಡು, ಅವನನ್ನು ದಾಟಿ ಪಶ್ಚಿಮಕ್ಕೆ ಉಬ್ಬಿ ಎಳೆಯುತ್ತಿದೆ. ಅದೇ ಚೌಕಟ್ಟಿನ ಬಲಮೂಲೆಯಲ್ಲಿ ಹೊಗೆ ಪೂರ್ವಕ್ಕೆ ಬಾಗಿದೆ. ಕುರುಡನಿಗೂ ಕಾಣುವ ಹಾಗಿತ್ತು.

ಆದರೆ ಆ ದೃಶ್ಯ ಹತ್ತೊಂಬತ್ತು ಸೆಕೆಂಡು ಇತ್ತು, ಒಂಚೂರೂ ಅಲುಗದೆ.

ಮೊದಲು ನನಗೆ ಹೊಳೆಯಲಿಲ್ಲ. ಎರಡನೆಯ ಸಲ ನೋಡುವಾಗ ಹೊಳೆಯಿತು. ಕ್ಯಾಮೆರಾ ನನ್ನ ತಲೆಯ ಮೇಲಿತ್ತು. ನಾನು ಎದ್ದಿದ್ದೇನೆ, ಅವನ ಕಡೆ ತಿರುಗಿದ್ದೇನೆ, ಅವನು ಚೌಕಟ್ಟಿನ ನಡುವೆ ಬರುವಂತೆ ಅರ್ಧ ಹೆಜ್ಜೆ ಎಡಕ್ಕೆ ಸರಿದಿದ್ದೇನೆ, ನಿಂತಿದ್ದೇನೆ. ಅವನು ಮೊಣಕೈ ಊರಿ ಏಳಲು ನೋಡುತ್ತಾನೆ, ಆಗುವುದಿಲ್ಲ, ಮತ್ತೆ ನೋಡುತ್ತಾನೆ. ಅವನ ಕೂಗು ಕೇಳುತ್ತದೆ. ನನ್ನ ಕೂಗು ಎಲ್ಲೂ ಇಲ್ಲ. ಹತ್ತೊಂಬತ್ತು ಸೆಕೆಂಡು ಆದ ಮೇಲೆ ಚಿತ್ರ ಕುಲುಕಾಡುತ್ತದೆ, ಆಗ ನಾನು ಓಡುತ್ತೇನೆ. ಹೆಂಟೆ, ಮಣ್ಣು, ಹೆಸರು ಹಿಡಿದು ಕೂಗುವುದು ಎಲ್ಲ ಆಮೇಲಿನದು. ನನ್ನ ನೆನಪಿನಲ್ಲಿ ಆ ನಿಂತ ಹೊತ್ತೇ ಇಲ್ಲ. ಈಗಲೂ ಇಲ್ಲ. ಗಾಬರಿಗೆ ಕಾಲು ಕಂಬವಾಗಿತ್ತೇ? ಹಾಗಿದ್ದರೆ ಆ ಅರ್ಧ ಹೆಜ್ಜೆ ಯಾಕೆ ಇಟ್ಟೆ?

ಟೇಪಿನ ತುದಿ ಕತ್ತರಿಸಿ ಕೊಡಬಹುದಿತ್ತು. ಆದರೆ ಅವನನ್ನು ಉಳಿಸುವ ಸಾಕ್ಷಿ ಇದ್ದದ್ದು ಆ ಹತ್ತೊಂಬತ್ತು ಸೆಕೆಂಡಿನಲ್ಲೇ. ನಾನು ಓಡಿದ್ದರೆ ಅದು ಸಿಗುತ್ತಲೇ ಇರಲಿಲ್ಲ. ಅದನ್ನು ನೆಪ ಮಾಡಿಕೊಂಡು ಸಮಾಧಾನ ಪಡಲೂ ನೋಡಿದೆ, ಆಗಲಿಲ್ಲ. ಮಾರನೆಯ ದಿನ ಆಸ್ಪತ್ರೆಗೆ ಹೋಗಿ, ಪಲ್ಟಿ ಹೊಡೆದಾಗ ಟೇಪು ಸಿಕ್ಕಿಕೊಂಡು ಹಾಳಾಗಿದೆ ಎಂದು ಹಸಿ ಸುಳ್ಳು ಹೇಳಿದೆ, ತಗಡಿನ ಮಾತನ್ನೂ ಎತ್ತಲಿಲ್ಲ.

"ಹೋಗ್ಲಿ ಬುಡು. ನೀನೇನ್ ಬೇಕೂಂತ ಮಾಡ್ದಾ?" ಅಂದ.

ಐದು ವಾರ ಆ ಸುಳ್ಳನ್ನು ಹೊತ್ತುಕೊಂಡು ಓಡಾಡಿದೆ. ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಆನ್ ಮಾಡುವುದನ್ನೇ ಮರೆತು ಬೈಸಿಕೊಂಡೆ. ಕೊನೆಗೆ ಅವನು ತನ್ನ ಚಿಕ್ಕ ಚೂಟನ್ನು ಮಾರಲು ಹೊರಟಿದ್ದಾನೆಂದು ಅವನ ಅಪ್ಪನೇ ಫೋನಿನಲ್ಲಿ ಹೇಳಿದರು. ಆ ದಿನವೇ ಕ್ಯಾಮೆರಾ, ಟೇಪು ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹರವೆಗೆ ಹೋದೆ.

ಅವನು ಜಗಲಿಯ ಮೇಲೆ ಕಾಲು ನೀಡಿಕೊಂಡು ಕೂತಿದ್ದ. ಟೇಪು ಹಾಳಾಗಿರಲಿಲ್ಲ, ಸುಳ್ಳು ಹೇಳಿದ್ದೆ ಎಂದೆ. ಅವನು ಕೈ ಚಾಚಿದ. ಕ್ಯಾಮೆರಾದ ಪುಟ್ಟ ಪರದೆಗೆ ಟವಲಿನ ನೆರಳು ಹಿಡಿದು ನೋಡಿದ. ಚೂಟು ಉಬ್ಬಿದ ಜಾಗ ಬಂದಾಗ ಅವನ ಹುಬ್ಬು ಗಂಟಾಯಿತು.

"ಏನ್ಲಾ ಇದು? ಹೊಗೆ ಆ ಕಡೀಕೆ, ಚೂಟು ಈ ಕಡೀಕೆ!" ಅಂದವನು ಒಮ್ಮೆಗೇ ತೊಡೆಗೆ ಹೊಡೆದುಕೊಂಡ. "ತಗಡು ಕಣ್ಲಾ! ಥೂ, ನಮ್ಮಪ್ಪನ್ ತಗಡು! ಎಂಥ ಬಡ್ಡೆತ್ತವು ನಾವು!"

ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು ಬಂತು. ಈ ಟೇಪು ನೋಡಿ ತರಬೇತುದಾರರು ತಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡದ್ದು ಆಮೇಲಿನ ವಿಷಯ. ಆಗ ಮಾತ್ರ ನನಗೆ, ಇಷ್ಟಕ್ಕೇ ಮುಗಿಯಲಿ ದೇವರೇ ಅನ್ನಿಸುತ್ತಿತ್ತು. ಅವನು ಹಿಂದಕ್ಕೆ ಸುತ್ತಿ ಮತ್ತೆ ನೋಡಿದ. ಈ ಸಲ ನಗಲಿಲ್ಲ. ಪರದೆಯಲ್ಲಿ ಮೊಣಕೈ ಊರುತ್ತಿದ್ದ ತನ್ನನ್ನೇ ನೋಡಿದ, ಆಮೇಲೆ ಮೂಲೆಯಲ್ಲಿ ಓಡುತ್ತಿದ್ದ ಸೆಕೆಂಡಿನ ಅಂಕಿಗಳನ್ನು.

"ನೀನ್ ಇಲ್ಲಿ ನಿಂತಿದ್ದೀಯ."

"ಹೂಂ."

"ಯಾಕ್ಲಾ?"

"ಗೊತ್ತಿಲ್ಲ ಕಣೋ. ಅಲ್ಲಾನಾಣೆ ಗೊತ್ತಿಲ್ಲ. ನಾನು ಓಡಿದೆ ಅಂತಲೇ ಅಂದ್ಕೊಂಡಿದ್ದೆ."

ಅವನು ಕ್ಯಾಮೆರಾ ಮುಚ್ಚಿ ಪಕ್ಕಕ್ಕಿಟ್ಟ. ಬೈದಿದ್ದರೆ ನಾನು ಬದುಕುತ್ತಿದ್ದೆ. ನನಗೆ ನಾಚಿಕೆಯೂ ಹಟವೂ ಒಟ್ಟಿಗೆ ಬಂದವು. ಯಾರಾದರೂ ಹೀಗೇ ಮಾಡುತ್ತಿದ್ದರು ಎಂದು ಅವನ ಬಾಯಿಂದ ಹೇಳಿಸಬೇಕೆನ್ನಿಸಿತು.

"ನಾನು ಹಂಗೆ ಬಿದ್ದಿದ್ದು, ಕ್ಯಾಮೆರಾ ನಿನ್ನ ತಲೆ ಮೇಲೆ ಇದ್ದಿದ್ದರೆ, ನೀನು ಏನು ಮಾಡ್ತಿದ್ದೆ?"

ಅವನು ನನ್ನ ಮುಖವನ್ನೇ ನೋಡಿದ. ಪ್ರಶ್ನೆಯಲ್ಲಿ ಏನಾದರೂ ಮಸಲತ್ತು ಇದೆಯೇನೋ ಎಂದು ಹುಡುಕಿದ ಹಾಗಿತ್ತು.

"ಓಡ್ ಬತ್ತಿದ್ದೆ. ಇನ್ನೇನ್ ಮಾಡ್ತರ್ಲಾ?"

ಅದರಲ್ಲಿ ಕೊಂಕು ಇರಲಿಲ್ಲ. ಬೇರೆ ಉತ್ತರ ಇರಬಹುದೆಂದು ಅವನಿಗೆ ನಿಜವಾಗಿಯೂ ಹೊಳೆದಿರಲಿಲ್ಲ.