ಇನ್ನೊಂದು ಕಾಲು ಸುತ್ತು

ಮಗಳ ಸೈಕಲ್ಲು ನಮ್ಮ ಮನೆಗೆ ಸೈಕಲ್ಲಾಗಿ ಬರಲಿಲ್ಲ. ನಾಲ್ಕು ಪೆಟ್ಟಿಗೆಗಳಲ್ಲಿ, ನಾಲ್ಕು ಬೇರೆ ಬೇರೆ ವಾರ ಬಂತು. ಮೊದಲು ಫ್ರೇಮು, ಆಮೇಲೆ ಚಕ್ರಗಳು, ಆಮೇಲೆ ಗೇರು ಮತ್ತು ಬ್ರೇಕು, ಕೊನೆಗೆ ಹ್ಯಾಂಡಲ್ಲು. ಫ್ರೇಮನ್ನು ಅವಳ ಅಳತೆಗೇ ಮಾಡಿಸಿದ್ದೆವು. ಬೆಂಗಳೂರಿನ ಒಂದು ಅಂಗಡಿಯಲ್ಲಿ ಅವಳನ್ನು ಕೂರಿಸಿ ತೊಡೆಯ ಉದ್ದ, ತೋಳಿನ ಉದ್ದ, ಬೆನ್ನು ಎಷ್ಟು ಬಾಗುತ್ತದೆ ಎಂಬುದನ್ನೆಲ್ಲ ದರ್ಜಿಯಂತೆ ಬರೆದುಕೊಂಡಿದ್ದರು. ಐದು ತಿಂಗಳು ಕಾದೆವು.

ಇಷ್ಟೆಲ್ಲ ಮಾಡಿದ್ದು ಹನ್ನೊಂದು ಸೆಕೆಂಡಿಗಾಗಿ. ಹಿಂದಿನ ವರ್ಷ ರಾಜ್ಯ ತಂಡದ ಆಯ್ಕೆಯಲ್ಲಿ ಅವಳು ನಾಲ್ಕನೆಯವಳಾಗಿದ್ದಳು. ಆರಿಸುವುದು ಮೂವರನ್ನು. ಒಬ್ಬೊಬ್ಬರನ್ನೇ ಬಿಟ್ಟು ಗಡಿಯಾರ ಹಿಡಿದು ಅಳೆಯುವ ಪಂದ್ಯ ಅದು. ಮುಂದೆ ಹೋಗುವವರ ಮರೆಯಲ್ಲಿ ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಎದುರುಗಾಳಿಯನ್ನು ಸೀಳುವಂತೆ ಮಾಡಿದ ಏರೋ ಸೈಕಲ್ ಇದ್ದರೆ ಆ ಹನ್ನೊಂದು ಸೆಕೆಂಡು ಸಿಗುತ್ತದೆ ಎಂದು ಕೋಚ್ ಹೇಳಿದ್ದರು. ಸೈಕಲ್ ಬಂದ ವರ್ಷ ಅವಳಿಗೆ ಹದಿನೆಂಟು. ಕಿರಿಯರ ವಿಭಾಗದಲ್ಲಿ ಅದೇ ಕೊನೆಯ ವರ್ಷ.

ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುತ್ತೇನೆ. ಬೇರೆಯವರು ಬರೆದ ಸುದ್ದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂಬುದು ತಪ್ಪದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಸ್ಪ್ಯಾನರ್ ಹಿಡಿದವನಲ್ಲ. ನಮ್ಮ ಮನೆಯಲ್ಲಿ ಅದನ್ನು ಹಿಡಿದವರು ನಮ್ಮಪ್ಪ. ದೊಡ್ಡಬಳ್ಳಾಪುರದ ಪವರ್‌ಲೂಮ್ ಶೆಡ್ಡುಗಳಲ್ಲಿ ನಲವತ್ತು ವರ್ಷ ಮಗ್ಗ ರಿಪೇರಿ ಮಾಡಿದವರು. ಬೀದಿಯಲ್ಲಿ ನಡೆದು ಹೋಗುವಾಗ ಸದ್ದು ಕೇಳಿಯೇ ಯಾವ ಮಗ್ಗದ ಯಾವ ಭಾಗ ಸಡಿಲಾಗಿದೆ ಎಂದು ಹೇಳುತ್ತಿದ್ದರು. ಈಗ ಬಂದಿರುವ ಹೊಸ ಮಗ್ಗಗಳಿಗೆ ಕಂಪನಿಯವರೇ ಬರುತ್ತಾರೆ, ಲ್ಯಾಪ್‌ಟಾಪ್ ತರುತ್ತಾರೆ. ಆದರೂ ಹಳೆಯ ಎರಡು ಶೆಡ್ಡುಗಳಿಂದ ಅಪ್ಪನಿಗೆ ಕರೆ ಬರುತ್ತದೆ. ಕರೆ ಬಂದ ದಿನ ಅವರು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗುತ್ತಾರೆ, ಎಣ್ಣೆಯ ಕೆಲಸ ಎಂದು ಗೊತ್ತಿದ್ದರೂ.

ಮಗಳು ಹಾಲಿನಲ್ಲಿ ಚಾಪೆ ಹಾಸಿಕೊಂಡು ಸೈಕಲ್ ಜೋಡಿಸಿದಳು. ಒಂದು ಭಾನುವಾರ ಪೂರ್ತಿ ಹಿಡಿಯಿತು. ಫ್ರೇಮಿನ ಮೇಲೆ ಪ್ರತಿ ಬೋಲ್ಟಿನ ಪಕ್ಕದಲ್ಲೂ ಸಣ್ಣ ಅಂಕಿ ಇತ್ತು. ಎಷ್ಟು ಬಿಗಿ ಮಾಡಬೇಕೆಂಬ ಲೆಕ್ಕ. ನಾನು ಅಂಕಿ ಓದಿ ಹೇಳುತ್ತಿದ್ದೆ, ಅವಳು ತಿರುಗಿಸುತ್ತಿದ್ದಳು. ಅಪ್ಪ ಬೆಂಚಿನ ಮೇಲೆ ಕುಳಿತು ನೋಡುತ್ತಿದ್ದರು.

"ಏನವ್ವ ಅದು, ಟಕ್ ಅನ್ನುತ್ತೆ?"

"ಟಾರ್ಕ್ ರೆಂಚ್ ತಾತ. ಎಷ್ಟು ಬಿಗಿ ಬೇಕೋ ಅಷ್ಟಾದ ತಕ್ಷಣ ಟಕ್ ಅನ್ನುತ್ತೆ. ಆಮೇಲೆ ತಿರುಗಿಸ್ಬಾರ್ದು."

"ಅದನ್ನ ಅದು ಹೇಳ್ಬೇಕಾ? ಕೈಗೆ ಗೊತ್ತಾಗಲ್ವಾ?"

"ಇದು ಕಬ್ಬಿಣ ಅಲ್ಲ ತಾತ, ಕಾರ್ಬನ್ನು."

ಅಪ್ಪ ಎದ್ದು ಬಂದು ಫ್ರೇಮನ್ನು ಎರಡು ಬೆರಳಲ್ಲಿ ಎತ್ತಿ ನೋಡಿದರು. "ಒಣಗಿದ ಸೋರೆ ಬುರುಡೆ ಇದ್ದಂಗೈತೆ. ನಮ್ಮ ರೋಡಿಗೆ ತಡೀತದಾ?"

"ತಾತಾ!"

"ಅಲ್ಲ, ನಿಮ್ಮಪ್ಪ ಕೂತ್ರೆ ಏನ್ ಕಥೆ ಅಂತ ಕೇಳ್ದೆ."

ಮರುದಿನ ಬೆಳಿಗ್ಗೆ ಅವಳು ಅದನ್ನು ಮೊದಲ ಸಲ ರಸ್ತೆಗಿಳಿಸಿದಳು. ದೇವನಹಳ್ಳಿ ದಾಟಿ ಆವತಿಯವರೆಗೆ ಹೋಗಿ ಬರುವುದು ಅವಳ ಅಭ್ಯಾಸ. ನಾನು ಸ್ಕೂಟರಿನಲ್ಲಿ ಹಿಂದೆ ಹೋದೆ. ದ್ರಾಕ್ಷಿ ತೋಟಗಳ ಕಲ್ಲುಕಂಬಗಳ ಪಕ್ಕದಲ್ಲಿ ರಸ್ತೆ ನೇರವಾಗುವಲ್ಲಿ ಯಾವಾಗಲೂ ಎದುರುಗಾಳಿ. ಹಳೆಯ ಅಲ್ಯೂಮಿನಿಯಂ ಸೈಕಲ್ಲಿನಲ್ಲಿ ಅಲ್ಲಿಗೆ ಬಂದಾಗ ಅವಳ ಭುಜ ಅಲುಗಾಡಲು ಶುರುವಾಗುತ್ತಿತ್ತು. ಅವತ್ತು ಅಲುಗಾಡಲಿಲ್ಲ. ಬೆನ್ನು ಮೇಜಿನಂತೆ ಮಟ್ಟಸವಾಗಿತ್ತು. ಹಿಂದಿನ ಚಕ್ರದಿಂದ ತಗ್ಗಿದ ಒಂದು ಗುಂಯ್ ಸದ್ದು ಬರುತ್ತಿತ್ತು. ನನ್ನ ಸ್ಕೂಟರಿನ ಮೀಟರು ನಲವತ್ತೆರಡು ತೋರಿಸುತ್ತಿತ್ತು. ಆವತಿಯಲ್ಲಿ ನಿಂತು ನೀರು ಕುಡಿಯುವಾಗ ಅವಳು ಒಂದೇ ಮಾತು ಹೇಳಿದಳು: "ಅಪ್ಪ, ಇದು ನನ್ನ ಕಾಲು ಥರಾನೇ ಇದೆ."

ಮೂರು ವಾರ ಹಾಗೆಯೇ ನಡೆಯಿತು. ಕೋಚ್ ಸಮಯ ಅಳೆದರು. ಹನ್ನೊಂದಲ್ಲ, ಇಪ್ಪತ್ತು ಸೆಕೆಂಡು ಸಿಕ್ಕಿತ್ತು.

ಆಯ್ಕೆ ಪಂದ್ಯಕ್ಕೆ ಮೂರು ದಿನ ಮೊದಲು ಆಯುಧ ಪೂಜೆ ಬಂತು.

ನಮ್ಮ ಮನೆಯಲ್ಲಿ ಈ ಹಬ್ಬ ಅಪ್ಪನದು. ತೊಳೆದು ಕುಂಕುಮ ಇಟ್ಟರೆ ಸಾಲದು. ಪೂಜೆಗೆ ಕೂರುವ ಪ್ರತಿಯೊಂದು ಯಂತ್ರಕ್ಕೂ ಎಣ್ಣೆ ಬಿಟ್ಟು, ಪ್ರತಿಯೊಂದು ಬೋಲ್ಟನ್ನೂ ಬಿಗಿ ಮಾಡಬೇಕು. ಸಡಿಲ ಇಟ್ಟುಕೊಂಡು ಪೂಜೆ ಮಾಡಿದರೆ ಆಯುಧಕ್ಕೆ ಅವಮಾನ ಎಂಬುದು ಶೆಡ್ಡಿನ ಕಾಲದಿಂದ ಬಂದ ಮಾತು. ಮಗ್ಗ ದಿನವಿಡೀ ಒದೆಯುತ್ತದೆ, ಆ ಅದುರಿಗೆ ಎಂಥ ಬೋಲ್ಟೂ ಸಡಿಲಾಗುತ್ತದೆ. ಅದಕ್ಕೆ ಬಿಗಿಯಾದ ಮೇಲೆ ಇನ್ನೊಂದು ಕಾಲು ಸುತ್ತು ಕೊಡಬೇಕು. ಅಪ್ಪ ಕೆಲಸ ಕಲಿಸಿದ ಎಲ್ಲರಿಗೂ ಹೇಳಿದ ಮೊದಲ ಪಾಠ ಇದು. ನನಗೂ ಹೇಳಿದ್ದರು. ನಾನು ಕಲಿಯಲಿಲ್ಲ, ಅಷ್ಟೆ.

ಅವತ್ತು ಕಚೇರಿಗೆ ರಜೆ. ಮಗಳು ಮತ್ತು ಅವಳಮ್ಮ ಹೂವಿಗೆಂದು ಪೇಟೆಗೆ ಹೋಗಿದ್ದರು. ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದೆ. ಅಪ್ಪ ಅಂಗಳದಲ್ಲಿ ಸ್ಕೂಟರು ಮುಗಿಸಿದರು, ಹೊಲಿಗೆ ಯಂತ್ರ ಮುಗಿಸಿದರು, ಗ್ರೈಂಡರ್ ಮುಗಿಸಿದರು. ಆಮೇಲೆ ಸಣ್ಣ ಬೋಲ್ಟು ತಿರುಗಿಸುವ ಎಲ್ ಕೀ ಗೊಂಚಲು ತೆಗೆದುಕೊಂಡು ನನ್ನನ್ನು ದಾಟಿ ಹಾಲಿಗೆ ಹೋದರು. ನಾನು ನೋಡಿದೆ. ಎಲ್ ಕೀ ಬೇಕಾಗುವ ವಸ್ತು ಹಾಲಿನಲ್ಲಿ ಒಂದೇ ಇತ್ತು. ಅದೂ ನನಗೆ ಗೊತ್ತಿತ್ತು. ಅಪ್ಪ ಏನೋ ಗುನುಗುತ್ತಿದ್ದರು. ಒಳಗೆ ಹೋಗಿ ಬೇಡ ಎನ್ನಬೇಕೆಂದು ಅನಿಸಿತು ಎಂದು ಈಗ ಬರೆದರೆ ಅದು ಸುಳ್ಳಾಗುತ್ತದೆ. ನಾನು ಪುಟ ಮಗುಚಿದೆ.

ಮಧ್ಯಾಹ್ನ ಎಲ್ಲ ಯಂತ್ರಗಳನ್ನೂ ಸಾಲಾಗಿ ನಿಲ್ಲಿಸಿ ಪೂಜೆ ಮಾಡಿದೆವು. ಸೈಕಲ್ಲಿಗೆ ಸೇವಂತಿಗೆ ಹಾರ. ಪೂಜೆಯಾದ ಯಂತ್ರವನ್ನು ಅವತ್ತು ಮುಟ್ಟುವಂತಿಲ್ಲ. ಹಾಗಾಗಿ ಅವಳು ಅದನ್ನು ಹತ್ತಿದ್ದು ವಿಜಯದಶಮಿಯ ಬೆಳಿಗ್ಗೆ, ಹಾರ ತೆಗೆದ ಮೇಲೆ.

ದೇವನಹಳ್ಳಿ ತಲುಪುವ ಮೊದಲೇ ಅವಳು ಕೈ ಎತ್ತಿ ನಿಲ್ಲಿಸಿದಳು.

"ಅಪ್ಪ, ಟಿಕ್ ಟಿಕ್ ಅಂತಿದೆ."

ಸೀಟಿನ ಕಂಬ ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಒಂದು ಗೆರೆ ಇತ್ತು. ಕೂದಲೆಳೆಯಷ್ಟೇ. ಅವಳು ಸೀಟನ್ನು ಒತ್ತಿದಾಗ ಗೆರೆ ಬಾಯಿ ಬಿಟ್ಟಿತು, ಕೈ ಬಿಟ್ಟಾಗ ಮುಚ್ಚಿಕೊಂಡಿತು. ಬ್ಯಾಗಿನಿಂದ ಕೀ ತೆಗೆದು ಅಲ್ಲಿಯ ಬೋಲ್ಟು ಬಿಚ್ಚಲು ನೋಡಿದಳು. ಅವಳ ಕೈಗೆ ಬರಲಿಲ್ಲ. ನಾನು ಎರಡೂ ಕೈ ಹಾಕಿದೆ. ಕಟಕ್ ಎಂದು ಬಿಟ್ಟಿತು. ಅವಳು ಹ್ಯಾಂಡಲ್ಲಿನ ಬೋಲ್ಟುಗಳನ್ನೂ ನೋಡಿದಳು. ಎಲ್ಲವೂ ಹಾಗೆಯೇ. ಮಗಳು ನನ್ನ ಮುಖ ನೋಡಿದಳು, ಯಾರು ಎಂದು ಕೇಳಲಿಲ್ಲ.

ಅಳತೆ ತೆಗೆದಿದ್ದ ಅಂಗಡಿಯವನಿಗೆ ಅಲ್ಲಿಂದಲೇ ಫೋನ್ ಮಾಡಿ ಫೋಟೊ ಕಳಿಸಿದೆ.

"ಹತ್ತಿಸ್ಬೇಡಿ ಸರ್," ಅಂದ. "ಕಬ್ಬಿಣ ಆದ್ರೆ ಬಗ್ಗಿ ಹೇಳುತ್ತೆ. ಇದು ಹೇಳಲ್ಲ, ಒಂದೇ ಸಲ ಹೋಗುತ್ತೆ."

"ಭಾನುವಾರ ಪಂದ್ಯ ಇದೆ."

"ಗೊತ್ತು ಸರ್. ರಿಪೇರಿಗೆ ಹದಿನೈದು ದಿನ ಬೇಕು. ಅವಳ ಅಳತೆದು ಇನ್ನೊಂದು ಎಲ್ಲಿಂದ ತರ್ಲಿ?"

ಸೈಕಲ್ಲನ್ನು ಸ್ಕೂಟರಿಗೆ ಕಟ್ಟಲಾಗದು. ಮಗಳು ಅದನ್ನು ಹೆಗಲಿಗೆ ಹಾಕಿಕೊಂಡು ಹಿಂದೆ ಕುಳಿತಳು. ಮನೆಯ ತಿರುವು ಬಂತು. ಅಲ್ಲಿ ಹೇಳಿದಳು: "ತಾತಂಗೆ ಹೇಳ್ಬೇಡ ಅಪ್ಪ."

"ಗೊತ್ತಾಗ್ಬೇಡ್ವೇನಮ್ಮ? ನಾಳೆ ಇನ್ನೊಂದಕ್ಕೆ ಕೈ ಹಾಕಿದ್ರೆ?"

"ಹೇಳಿದ್ರೆ ಇದು ಅಂಟ್ಕೊಳ್ಳುತ್ತಾ? ತಾತ ಆಮೇಲೆ ಯಾವ ಮಗ್ಗನೂ ಮುಟ್ಟಲ್ಲ. ಅಷ್ಟೇ ಆಗೋದು."

ಆದರೆ ಅಪ್ಪನಿಂದ ಏನನ್ನೂ ಬಚ್ಚಿಡಲು ಆಗಲಿಲ್ಲ. ಹೆಗಲ ಮೇಲೆ ಬಂದ ಸೈಕಲ್ಲನ್ನು ಬಾಗಿಲಲ್ಲೇ ಇಳಿಸಿಕೊಂಡರು. ಕನ್ನಡಕ ಹಾಕಿಕೊಂಡು, ಗೆರೆಯ ಮೇಲೆ ಹೆಬ್ಬೆರಳ ಉಗುರು ಎಳೆದರು. ಒಂದು ನಿಮಿಷವೂ ಬೇಕಾಗಲಿಲ್ಲ.

"ಇದು ಬಿಗಿ ಜಾಸ್ತಿಯಾಗಿ ಸೀಳಿರೋದು," ಅಂದರು. ರೋಗ ನಿಖರವಾಗಿ ಹೇಳಿದ್ದರು. "ನಾನು ನಿನ್ನೆ ಹದವಾಗಿ ಬಿಗಿ ಮಾಡಿಟ್ಟಿದ್ದೆ. ಅದರ ಮೇಲೆ ಯಾರು ತಿರುಗಿಸಿದ್ದು?"

ನಾನು ಬಾಯಿ ತೆರೆದೆ.

"ನಾನೇ ತಾತ," ಎಂದಳು ಮಗಳು.

"ಯಾಕವ್ವ?"

"ಸಡಿಲ ಅನ್ನಿಸ್ತು."

"ಸಡಿಲ! ನನ್ನ ಕೈ ಬಿದ್ದ ಮೇಲೆ ಸಡಿಲ!" ಅಪ್ಪನಿಗೆ ಸಿಟ್ಟು ಬಂತು. ಕಾಲು ಗಂಟೆ ಬೈದರು. ಯಂತ್ರಕ್ಕೂ ಮರ್ಯಾದೆ ಇದೆ, ಎಲ್ಲಿ ನಿಲ್ಲಿಸಬೇಕು ಎಂದು ಕೈಗೆ ತಿಳಿಯದವರು ಸ್ಪ್ಯಾನರ್ ಮುಟ್ಟಬಾರದು, ಟಕ್ ಟಕ್ ಅನ್ನುವ ಆಟದ ಸಾಮಾನು ನಂಬಿಕೊಂಡರೆ ಹೀಗೇ ಆಗುವುದು. "ಅಷ್ಟು ದೂರದಿಂದ ತರಿಸಿದ್ದು. ಒಂದು ತಿಂಗಳು ಬಾಳಿಸೋಕಾಗಲಿಲ್ವಲ್ಲೇ ನಿನಗೆ!" ಅವಳು ಶೂ ಕೂಡ ಬಿಚ್ಚದೆ ನಿಂತು ಎಲ್ಲ ಕೇಳಿಸಿಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು, ಸುಮ್ಮನಿರು ಎಂಬಂತೆ. ಸುಮ್ಮನಿದ್ದೆ. ಇಪ್ಪತ್ತೆರಡು ವರ್ಷಗಳಿಂದ ನಾನು ತಪ್ಪು ಹೆಸರು ಹೋದರೆ ಮರುದಿನ ತಿದ್ದುಪಡಿ ಹಾಕುತ್ತಾ ಬಂದವನು.

ಭಾನುವಾರ ದೇವನಹಳ್ಳಿ ಕಡೆಯ ರಸ್ತೆಯಲ್ಲಿ ಪಂದ್ಯ ನಡೆಯಿತು. ಅವಳು ಹಳೆಯ ಅಲ್ಯೂಮಿನಿಯಂ ಸೈಕಲ್ಲಿನಲ್ಲಿ ಓಡಿಸಿದಳು. ಅವತ್ತಿಗೆಂದು ನಾನು ಗೆಳೆಯನ ಕಾರು ತಂದಿದ್ದೆ; ತಾವೂ ಬರುತ್ತೇನೆಂದು ಅಪ್ಪ ಅದರಲ್ಲಿ ಬಂದರು. ಮುಕ್ತಾಯದ ಗೆರೆಯ ಬಳಿ ಹುಣಸೆ ಮರದ ಕೆಳಗೆ ಕುಳಿತರು. ಅವಳು ಗೆರೆ ದಾಟಿದಾಗ ಭುಜಗಳು ಎಡಕ್ಕೂ ಬಲಕ್ಕೂ ತೂಗುತ್ತಿದ್ದವು. ಹಿಂದಿನ ವರ್ಷದ ತನ್ನ ಸಮಯಕ್ಕಿಂತ ಆರು ಸೆಕೆಂಡು ಬೇಗ ಬಂದಿದ್ದಳು. ಮೂರನೆಯವಳಿಗಿಂತ ಒಂಬತ್ತು ಸೆಕೆಂಡು ತಡ. ನಾಲ್ಕನೆಯ ಸ್ಥಾನ.

ಪಟ್ಟಿ ಅಂಟಿಸಿದಾಗ ನಾನು ಓದಿದೆ, ಇನ್ನೊಮ್ಮೆ ಓದಿದೆ. ಮಗಳು ಓದಲು ಬರಲಿಲ್ಲ. ಹುಲ್ಲಿನ ಮೇಲೆ ಮಲಗಿ ಮುಖದ ಮೇಲೆ ಟವೆಲ್ ಹಾಕಿಕೊಂಡಿದ್ದಳು. ಅಪ್ಪ ಅವಳ ಪಕ್ಕ ಹೋಗಿ ಕುಳಿತು, ಅವಳ ಪಾದ ತೊಡೆಯ ಮೇಲೆ ಇಟ್ಟುಕೊಂಡು ಹಿಮ್ಮಡಿ ಒತ್ತತೊಡಗಿದರು. ಅವರ ಬೆರಳುಗಳು ದಪ್ಪ. ಎಷ್ಟು ಒತ್ತಬೇಕು ಎಂದು ಅವಕ್ಕೆ ಗೊತ್ತಿದ್ದಂತೆಯೇ ಕಾಣುತ್ತಿತ್ತು.

ಹಿಂದಿರುಗುವಾಗ ಹಿಂದಿನ ಸೀಟಿನಲ್ಲಿ ಇಬ್ಬರೂ ಕುಳಿತಿದ್ದರು. ದೊಡ್ಡಬಳ್ಳಾಪುರ ಹತ್ತಿರ ಬಂತು. ಅಪ್ಪ ಮೆಲ್ಲನೆ ಶುರು ಮಾಡಿದರು.

"ಹೋಗ್ಲಿ ಬಿಡವ್ವ. ಬೈದೆ ಅಂತ ಬೇಜಾರ್ ಮಾಡ್ಕೋಬೇಡ. ಎಲ್ರ ಕೈಯಲ್ಲೂ ಆಗ್ತದೆ, ನಾನೂ ಎಳೇ ವಯಸ್ನಲ್ಲಿ ಮಗ್ಗದ ಎರಡು ಬೀಡಿನ ಚಕ್ರ ಒಡೆದಿದ್ದೆ."

"ಹೂಂ ತಾತ."

"ರಿಪೇರಿ ಆಗಿ ಬರ್ಲಿ ಅದು. ಈ ಸಲ ನೀನು ಜೋಡಿಸೋಕೆ ಹೋಗ್ಬೇಡ. ಬಿಗಿ ಎಲ್ಲ ನಾನೇ ಮಾಡ್ಕೊಡ್ತೀನಿ. ಆಯ್ತಾ?"

ಕನ್ನಡಿಯಲ್ಲಿ ಮಗಳು ಕಾಣುತ್ತಿದ್ದಳು. ಕಿಟಕಿಯ ಕಡೆ ತಿರುಗಿದ್ದಳು. ಮುಂದಿನ ವರ್ಷ ಅವಳು ದೊಡ್ಡವರ ವಿಭಾಗಕ್ಕೆ ಹೋಗುತ್ತಾಳೆ, ಅಲ್ಲಿ ಮತ್ತೆ ಎಲ್ಲ ಮೊದಲಿನಿಂದ. ಅಪ್ಪ ಅವಳ ಉತ್ತರಕ್ಕೆ ಕಾಯುತ್ತಿದ್ದರು.

"ಆಯ್ತು ತಾತ," ಅಂದಳು.

ನಾನು ಗೇರು ಬದಲಿಸಿದೆ. ಮುಂದೆ ರೈಲ್ವೆ ಗೇಟು ಹಾಕಿತ್ತು.