ಟವೆಲ್ಲಿನ ಗಂಟು
“ಹೊಸಾದು ನನಗ ಬ್ಯಾಡೋ ವಹಾಬ. ಎರಡೆಕರೆ ಹೊಲಕ್ಕ ಹಳೇ ಕಾಲದ ಸಣ್ಣ ಟ್ರ್ಯಾಕ್ಟರ್ ಸಾಕು. ಬಣ್ಣ ಹೋಗಿದ್ರ ಹೋಗ್ಲಿ, ಮುಂಜಾನಿ ತಣ್ಣಗಿದ್ದಾಗ ಒಂದೇ ಸಲಕ್ಕ ಚಾಲೂ ಆಗ್ಬೇಕು, ಕರೀ ಹೊಗಿ ಉಗುಳಬಾರ್ದು.” ಶಹಾಪುರದಲ್ಲಿ ಹಳೇ ಟ್ರ್ಯಾಕ್ಟರ್ ಮಾರುವ ವಹಾಬನ ಮುಂದೆ ರೇವಣಸಿದ್ದಪ್ಪ ವಾರವಾರವೂ ಹೇಳುವುದು ಇದನ್ನೇ. ಬಾನೆಟ್ ಮೇಲೆ ಅಂಗೈಯಿಟ್ಟು, ಸೂಲಗಿತ್ತಿಯಂತೆ ಕಣ್ಣುಮುಚ್ಚಿ ಒಳಗಿನ ಸದ್ದು ಆಲಿಸುತ್ತಾನೆ. ಎಲ್ಲ ಸರಿಯಿದ್ದರೂ ಕೊನೆಗೆ ಗಂಟು ಹಾಕಿದ ಹೆಗಲ ಟವೆಲ್ ನೆಲಕ್ಕೆ ಇಳಿಬಿಟ್ಟು, ಹತ್ತುವ ಪಾವಟಿಗೆಯನ್ನು ಆ ಗಂಟಿನ ಮಟ್ಟಕ್ಕೆ ಅಳೆದು, “ಎತ್ತರಾತು” ಎಂದು ಹಿಂದೆ ಸರಿಯುತ್ತಾನೆ. “ಕಾಕಾ, ನಿಮಗ ಎಂಜಿನ್ ಬೇಕೋ, ಬರೇ ಪಾವಟಿಗಿ ಬೇಕೋ?” ಎಂದು ವಹಾಬ ನಗುತ್ತಾನೆ. ಆ ಟವೆಲ್ಲಿನ ಗಂಟು ಬಿದ್ದದ್ದು ಮನೆಯಲ್ಲಿ. ಮೊಣಕಾಲು ನೋವಿನ ಹೆಂಡತಿ ಕಸ್ತೂರೆವ್ವ ಕಾಲೆತ್ತಬಲ್ಲದ್ದು ಆ ಗಂಟಿನವರೆಗೆ ಮಾತ್ರ. ತಮ್ಮ ಹೊಲದ ಮುಖ ನೋಡದೆ ಅವಳಿಗೆ ವರ್ಷವಾಯಿತು. ಇಂದು ಅವನು ಬರಿಗೈಲಿ ಬಂದದ್ದು ಕಂಡು, “ಇನ್ನೊಂಚೂರು ಎತ್ತತೀನಿ, ಗಂಟು ಮ್ಯಾಲ ಸರಸ್ರಿ” ಎಂದು ಹಲ್ಲುಕಚ್ಚಿ ಕಾಲೆತ್ತಿದಳು. ಅವನು ಗಂಟು ಸರಿಸಲಿಲ್ಲ. ಎಂದಿನಂತೆ ಎಣ್ಣೆ ಬೆಚ್ಚಗೆ ಮಾಡಿ, ಅವಳ ಮೊಣಕಾಲಿಗೆ ತಿಕ್ಕುತ್ತ ಕೂತ.