ಕೊನೆಗೆ ಬರುವ ಪದ

ಅಂದು ಬುಧವಾರ. ತಂಗಿ ಬೆಳಿಗ್ಗೆ ಅವಲಕ್ಕಿಯ ಒಗ್ಗರಣೆಗೆ ಶೇಂಗಾ ಹಾಕುತ್ತ, ತಾನು ದಿನಾ ಆರು ಗಂಟೆಗೆ ಏಳುತ್ತೇನೆಂದು ಡಚ್ ಭಾಷೆಯಲ್ಲಿ ನನಗೆ ಹೇಳಿದಳು. ಎದ್ದದ್ದು ಏಳೂವರೆಗೆ. ನಾನು ಆಫೀಸಿಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದೆ.

ಲಕ್ಷ್ಮೀ ನಗರದ ಆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾವಿಬ್ಬರೇ. ಅಪ್ಪ ಕೇಂದ್ರ ಸರಕಾರದ ನೌಕರಿಗೆಂದು ಧಾರವಾಡದಿಂದ ನಾಗಪುರಕ್ಕೆ ಬಂದವರು. ಅವರೂ ಅವ್ವನೂ ಹೋದ ಮೇಲೆ ತಂಗಿಯನ್ನು ಓದಿಸಿದೆ. ನನ್ನ ಮದುವೆಯ ಮಾತು ಅಲ್ಲಿಗೇ ನಿಂತಿತು. ಅವಳಿಗೆ ನಿಶ್ಚಯವಾಗಿದ್ದ ಹುಡುಗ ನೆದರ್ಲ್ಯಾಂಡ್ಸ್‌ನಲ್ಲಿದ್ದ. ಅಲ್ಲಿಗೆ ಹೋಗಬೇಕಾದರೆ ಮೊದಲು ಆ ದೇಶದ ಭಾಷೆಯ ಪರೀಕ್ಷೆ ಪಾಸಾಗಬೇಕು. ಪುಣೆಯ ಒಬ್ಬ ಶಿಕ್ಷಕಿ ಫೋನಿನಲ್ಲಿ ಪಾಠ ಹೇಳುತ್ತಿದ್ದರು. ಮನೆಯಲ್ಲಿ ಪುಸ್ತಕ ಹಿಡಿದು ತಪ್ಪು ಹುಡುಕುವುದು ನನ್ನ ಕೆಲಸ.

ಅವಳನ್ನು ಕಾಡಿದ್ದು ಒಡೆಯುವ ಕ್ರಿಯಾಪದಗಳು. ಏಳುವುದಕ್ಕೆ ಡಚ್ಚಿನಲ್ಲಿ ‘ಓಪ್‌ಸ್ತಾನ್’. ವಾಕ್ಯ ಮಾಡುವಾಗ ಅದು ಎರಡು ತುಂಡಾಗುತ್ತದೆ. ‘ಸ್ತಾ’ ಮುಂದೆ ನಿಲ್ಲುತ್ತದೆ, ‘ಓಪ್’ ವಾಕ್ಯದ ಕೊನೆಗೆ ಹೋಗುತ್ತದೆ. ನಡುವೆ ಹೊತ್ತು, ಊರು, ಜನ ಏನೆಲ್ಲ ಬರಬಹುದು. ಕನ್ನಡದಲ್ಲಿ ಕ್ರಿಯಾಪದ ಇಡಿಯಾಗಿ ಕೊನೆಗೆ ಬರುತ್ತದಲ್ಲ, ಆ ರೂಢಿಯಿಂದ ಅವಳು ಮೊದಲ ತಿಂಗಳು ಎರಡು ತುಂಡುಗಳನ್ನೂ ಕೊನೆಗೇ ಇಡುತ್ತಿದ್ದಳು. ತಿದ್ದಿದ ಮೇಲೆ ಮೊದಲನೆಯದನ್ನು ಮುಂದಿಟ್ಟು ಎರಡನೆಯದನ್ನು ಮರೆತೇಬಿಡುತ್ತಿದ್ದಳು. ಮೇಲಿನ ಮನೆಯ ಮಾಲಕಿಣಿ, ಒಂದಕ್ಷರ ಡಚ್ ಬಾರದ ಮರಾಠಿ ಹೆಂಗಸು, ನಾನು ತಿದ್ದುವುದು ಕಿವಿಗೆ ಬಿದ್ದಾಗ ಮೆಟ್ಟಿಲ ಮೇಲಿಂದಲೇ ಕೇಳುತ್ತಿದ್ದರು: “ಅಗಂ, ಶೇಪೂಟ್ ಕುಠೇ?” ಬಾಲ ಎಲ್ಲಿ ಅಂತ. ಬೆಕ್ಕು ತಿಂದಿತು ಎಂದು ತಂಗಿಯೂ ಮರಾಠಿಯಲ್ಲೇ ಉತ್ತರ ಕೊಡುತ್ತಿದ್ದಳು.

ಅಂದು ಅವಲಕ್ಕಿ ತಿನ್ನುವಾಗ ನಾನೊಂದು ಮಾತು ಕೇಳಿದೆ. ಕೇಳಬಾರದಿತ್ತೋ ಏನೋ.

“ನೀ ಹ್ವಾದಮ್ಯಾಲೆ ನಾ ಒಬ್ಬಾಕಿ ಇಲ್ಲಿ ಏನ್ ಮಾಡ್ಲಿ?”

ಅವಳು ನನ್ನ ತಟ್ಟೆಗೆ ಇನ್ನೊಂದಿಷ್ಟು ಅವಲಕ್ಕಿ ಬಡಿಸಿದಳು. ಆಮೇಲೆ ಅಂದಳು, “ತಡಿ ಅಕ್ಕ, ಡಚ್ ಒಳಗ ಹೇಳ್ತೀನಿ. ಬರೋಬರ್ ಹೇಳ್ತೀನಿ, ಇವತ್ತು ನಿನಗ ತಪ್ಪು ಸಿಗೂದಿಲ್ಲ.”

ನಾನು ಆಫೀಸಿಗೆ ಹೋದೆ. ಅವಳು ಪರೀಕ್ಷೆಯ ಅರ್ಜಿಗೆ ಫೋಟೋ ತೆಗೆಸಲು ಸ್ಕೂಟರಿನಲ್ಲಿ ಸದರ್ ಪೇಟೆಯ ಸ್ಟುಡಿಯೋಗೆ ಹೊರಟಳು. ಹನ್ನೊಂದೂವರೆಗೆ ನನ್ನ ಫೋನಿಗೆ ಅವಳ ದನಿಯ ಸಂದೇಶ ಬಂತು. ಅವಳು ವಾಕ್ಯ ಹೇಳಿ ಕಳಿಸುವುದು, ನಾನು ಅರ್ಥ ಬರೆದು ಕಳಿಸುವುದು, ಇದು ನಮ್ಮ ಆಟ. ಕೆಲಸವಿತ್ತು, ಊಟದ ಹೊತ್ತಿಗೆ ಕೇಳೋಣವೆಂದು ಬಿಟ್ಟೆ. ಅದಕ್ಕೆ ಮುಂಚೆಯೇ ಪೊಲೀಸರ ಫೋನು ಬಂತು. ಮರಳುವ ದಾರಿಯಲ್ಲಿ ಲಾರಿ ಬಡಿದಿತ್ತು. ನಾನು ಆಸ್ಪತ್ರೆ ಮುಟ್ಟುವಾಗ ಎಲ್ಲ ಮುಗಿದಿತ್ತು.

ಸಂದೇಶ ಕೇಳಿದ್ದು ಹದಿಮೂರನೆಯ ದಿನ ಕಳೆದ ಮೇಲೆ. ನಾಲ್ಕು ಸೆಕೆಂಡು. “ಇಕ್ ಲಾತ್ ಮೈನ್ ಝುಸ್...” ಅಷ್ಟರಲ್ಲಿ ಯಾರೋ ಹಿಂದಿಯಲ್ಲಿ ಅವಳನ್ನು ಒಳಗೆ ಕರೆಯುತ್ತಾರೆ. ಬೆರಳು ಗುಂಡಿ ಬಿಟ್ಟಿರಬೇಕು, ಅಲ್ಲಿಗೆ ನಿಲ್ಲುತ್ತದೆ.

‘ಇಕ್’ ಎಂದರೆ ನಾನು. ‘ಮೈನ್ ಝುಸ್’ ನನ್ನ ಅಕ್ಕ. ‘ಲಾತ್’ ಎಂದರೆ ಬಿಡುವುದು. ಆದರೆ ಅದು ಒಡೆದ ಕ್ರಿಯಾಪದದ ಮೊದಲ ತುಂಡು. ಕೊನೆಗೆ ‘ಆಖ್ತರ್’ ಬಂದರೆ ಬಿಟ್ಟು ಹೋಗುತ್ತೇನೆ ಎಂದಾಗುತ್ತದೆ. ‘ಲೋಸ್’ ಬಂದರೆ ಕೈ ಬಿಡುತ್ತೇನೆ. ‘ಬಿನ್ನನ್’ ಬಂದರೆ ಒಳಗೆ ಬಿಟ್ಟುಕೊಳ್ಳುತ್ತೇನೆ. ಅವಳ ನೋಟುಬುಕ್ಕಿನಲ್ಲಿ ಆ ಪುಟ ಹುಡುಕಿದೆ. ಮೂರಕ್ಕೂ ಒಂದೊಂದು ವಾಕ್ಯ ಬರೆದಿದ್ದಳು, ಛತ್ರಿಯ ಬಗ್ಗೆ, ಹಗ್ಗದ ಬಗ್ಗೆ, ಗಾಳಿಯ ಬಗ್ಗೆ. ಅಕ್ಕ ಇರಲಿಲ್ಲ.

ಸಂದೇಶವನ್ನು ಪುಣೆಯ ಶಿಕ್ಷಕಿಗೆ ಕಳಿಸಿ, ಮುಂದೆ ಏನಿರಬಹುದು ಎಂದು ಕೇಳಿದೆ. ಅವರು ಎರಡು ದಿನ ಬಿಟ್ಟು ಫೋನು ಮಾಡಿದರು. ಅಂಥ ವಾಕ್ಯದಲ್ಲಿ ‘ಇಲ್ಲ’ ಎನ್ನುವ ಪದವೂ ಅಕ್ಕನ ನಂತರವೇ ಬರುತ್ತದೆ ಎಂದರು. ಹಾಗಾದರೆ ಬಿಡುತ್ತೇನೆ ಅಂದಳೋ ಬಿಡುವುದಿಲ್ಲ ಅಂದಳೋ ಅದೂ ತಿಳಿಯುವಂತಿಲ್ಲ. ತಾನು ಊಹಿಸಿ ಹೇಳಿದರೆ ಅದು ತನ್ನ ವಾಕ್ಯವಾಗುತ್ತದೆ, ಅವಳದಲ್ಲ ಎಂದು ಮೆಲ್ಲಗೆ ಹೇಳಿದರು.

ಮಾಲಕಿಣಿಗೆ ಮಾತ್ರ ಸಂಶಯವಿಲ್ಲ. “ತುಲಾ ಸೋಡಣಾರ್ ನಾಹೀ, ದುಸರಂ ಕಾಯ್?” ಎಂದರು. ನಿನ್ನನ್ನು ಬಿಡುವುದಿಲ್ಲ ಎಂದೇ, ಮತ್ತೇನು ಹೇಳುತ್ತಿದ್ದಳು ಅಂತ. ಅವರ ಮನಸ್ಸು ಒಳ್ಳೆಯದು, ಹೂಂ ಎಂದೆ. ಆದರೆ ನನ್ನ ತಂಗಿ ಚಾಷ್ಟಿಯವಳು. ಬಿಟ್ಟು ಹೋಗ್ತೀನಿ ಎಂದು ಹೇಳಿ, ನನ್ನ ಮುಖ ಸಣ್ಣದಾದ ಮೇಲೆ ನಗುವವಳು.

ಒಂದು ಭಾನುವಾರ ನಾನೇ ಆ ವಾಕ್ಯ ಮುಗಿಸಲು ಕುಳಿತೆ. ಬಿಟ್ಟು ಹೋಗುವುದಿಲ್ಲ ಎಂಬ ಅರ್ಥ ಬರುವಂತೆ ಬರೆದೆ. ವ್ಯಾಕರಣ ಸರಿಯಿತ್ತು, ಅಕ್ಷರ ನನ್ನದಿತ್ತು. ಕಾಗದ ಹರಿದು ಹಾಕಿದೆ.

ಈಗಲೂ ಊಟಕ್ಕೆ ಕುಳಿತಾಗ ಸಂದೇಶ ಹಾಕಿ ಕೇಳುತ್ತೇನೆ. ಅವಳ ದನಿ ಇದೆ. ‘ನಾನು’ ಇದೆ, ‘ಬಿಡು’ ಇದೆ, ‘ನನ್ನ ಅಕ್ಕ’ ಇದೆ. ಅದರ ಮುಂದಿನ ಪದ ಇಲ್ಲ.